ವಿಮೆಯ ಬಿಲ್ಲಿಲ್ಲದ ವೈದ್ಯಶಾಲೆ: ಅಮೆರಿಕದ ಒಂದು ಪದ್ಧತಿ ಮತ್ತು ಅದರ ಪೂರ್ವೇತಿಹಾಸ

ರೋಗಿಯು ವೈದ್ಯರ ಬಳಿಗೆ ಹೋಗುವುದು, ಪರೀಕ್ಷೆ ಮಾಡಿಸಿಕೊಳ್ಳುವುದು, ಅವರಿಗೆ ಸಲ್ಲಬೇಕಾದ ಹಣವನ್ನು ಅಲ್ಲಿಯೇ ಕೊಟ್ಟು ಹಿಂದಿರುಗುವುದು, ಇದು ನಮ್ಮ ಊರುಗಳಲ್ಲಿ ದಿನನಿತ್ಯದ ಸಂಗತಿ. ಆರೋಗ್ಯವಿಮೆಯುಳ್ಳವರಿಗೂ ಇಲ್ಲಿ ಅದರ ನೆನಪಾಗುವುದು ಬಹುಮಟ್ಟಿಗೆ ಆಸ್ಪತ್ರೆಗೆ ಸೇರಬೇಕಾಗಿ ಬಂದಾಗ ಮಾತ್ರ. ಆದುದರಿಂದ, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೆಲವು ಮಂದಿ ವೈದ್ಯರು ವಿಮಾ ಕಂಪನಿಗಳಿಗೆ ಬಿಲ್ಲು ಕಳುಹಿಸುವುದನ್ನು ನಿಲ್ಲಿಸಿ, ಅದನ್ನೊಂದು ಹೊಸ ಪದ್ಧತಿಯೆಂದು ಕರೆದು, ಅದಕ್ಕಾಗಿ ಶಾಸನಗಳನ್ನೇ ಮಾಡಿಸಿಕೊಂಡಿದ್ದಾರೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುವುದು ಸಹಜವೇ. ಇವರು ವಿಮೆಯಿಲ್ಲದೆ ವೈದ್ಯಶಾಲೆಯನ್ನು ಹೇಗೆ ನಡೆಸುತ್ತಾರೆಂಬುದನ್ನು ತಿಳಿಯುವ ಮೊದಲು, ನೆಗಡಿ ಜ್ವರಗಳ ಚಿಕಿತ್ಸೆಯೂ ಆ ದೇಶದಲ್ಲಿ ವಿಮೆಯ ವ್ಯವಹಾರವಾದದ್ದು ಹೇಗೆಂಬುದನ್ನು ತಿಳಿಯಬೇಕಾಗುತ್ತದೆ.

ಈ ಪದ್ಧತಿಗೆ ಅಲ್ಲಿ 'ಡೈರೆಕ್ಟ್ ಪ್ರೈಮರಿ ಕೇರ್' ಎಂದು ಹೆಸರು. ನೇರ ಪ್ರಾಥಮಿಕ ಚಿಕಿತ್ಸೆಯೆಂದು ನಾವು ಕರೆಯಬಹುದು. ಪ್ರಾಥಮಿಕ ಚಿಕಿತ್ಸೆಯೆಂದರೆ ಕುಟುಂಬವೈದ್ಯರ ಕೈಯಲ್ಲಿ ನಡೆಯತಕ್ಕ ಕೆಲಸ: ಸಾಮಾನ್ಯ ಕಾಯಿಲೆಗಳ ಚಿಕಿತ್ಸೆ, ರಕ್ತದೊತ್ತಡ ಮತ್ತು ಮಧುಮೇಹಗಳ ಮೇಲ್ವಿಚಾರಣೆ, ಸಣ್ಣಪುಟ್ಟ ಗಾಯಗಳಿಗೆ ಹೊಲಿಗೆ, ತಜ್ಞರ ಬಳಿಗೆ ಯಾವಾಗ ಹೋಗಬೇಕೆಂಬ ಸಲಹೆ. (ಅಪಘಾತವಾದಾಗ ಮಾಡುವ ಪ್ರಥಮ ಚಿಕಿತ್ಸೆಯೊಡನೆ ಇದನ್ನು ಬೆರಸಬಾರದು.) 'ನೇರ' ಎಂಬ ವಿಶೇಷಣವು ಹಣದ ದಾರಿಯನ್ನು ಸೂಚಿಸುತ್ತದೆ. ರೋಗಿಯು ವೈದ್ಯಶಾಲೆಯ ಸದಸ್ಯನಾಗಿ ತಿಂಗಳಿಗೆ ಇಷ್ಟೆಂದು ನಿಗದಿಯಾದ ಶುಲ್ಕವನ್ನು ಕೊಡುತ್ತಾನೆ. ಆ ತಿಂಗಳು ಒಮ್ಮೆಯೂ ಬಾರದಿದ್ದರೂ ಅಷ್ಟೇ, ನಾಲ್ಕು ಸಲ ಬಂದರೂ ಅಷ್ಟೇ. ಮೂರನೆಯವರಿಗೆ ಬಿಲ್ಲು ಹೋಗುವುದಿಲ್ಲ. ಶ್ರೀಮಂತರಿಗಾಗಿ ೧೯೯೬ರಲ್ಲಿ ಸಿಯಾಟಲ್ ನಗರದಲ್ಲಿ ಆರಂಭವಾದ 'ಕಾನ್ಸಿಯರ್ಜ್' ವೈದ್ಯಪದ್ಧತಿಯೊಡನೆ ಇದನ್ನು ಹಲವರು ಸಮೀಕರಿಸುತ್ತಾರೆ. ಎರಡರ ವಂಶ ಒಂದೇ ಆದರೂ ಹೋಲಿಕೆ ಪೂರ್ತಿಯಾಗಿ ಸಲ್ಲದು. ಅಲ್ಲಿ ವರ್ಷಕ್ಕೆ ಸಾವಿರಾರು ಡಾಲರುಗಳ ಶುಲ್ಕ. ಅದರ ಮೇಲೆ ವಿಮಾ ಕಂಪನಿಗೆ ಬಿಲ್ಲು ಕಳುಹಿಸುವವರೂ ಅವರಲ್ಲಿ ಅನೇಕರಿದ್ದಾರೆ.

ಅಮೆರಿಕದ ಆರೋಗ್ಯವಿಮೆಯ ಇತಿಹಾಸವನ್ನು ಸಾಮಾನ್ಯವಾಗಿ ೧೯೨೯ರಿಂದ ಎಣಿಸುವ ವಾಡಿಕೆಯುಂಟು. ಟೆಕ್ಸಸ್ ಸಂಸ್ಥಾನದ ಡಲ್ಲಾಸಿನಲ್ಲಿ ಬೇಲರ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಆಸ್ಪತ್ರೆಯಿತ್ತು. ಅದರ ಆಡಳಿತವನ್ನು ವಹಿಸಿಕೊಂಡ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬುವರು ಹಿಂದೆ ಅದೇ ಊರಿನ ಶಾಲೆಗಳ ಅಧೀಕ್ಷಕರಾಗಿದ್ದವರು. ಆಸ್ಪತ್ರೆಗೆ ಬರಬೇಕಾದ ಹಣವನ್ನು ತೀರಿಸಲಾರದವರಲ್ಲಿ ಉಪಾಧ್ಯಾಯರೂ ಇದ್ದುದನ್ನು ಕಂಡು, ತಿಂಗಳಿಗೆ ೫೦ ಸೆಂಟು ಕೊಟ್ಟ ಉಪಾಧ್ಯಾಯರಿಗೆ ೨೧ ದಿವಸಗಳವರೆಗೆ ಆಸ್ಪತ್ರೆಯ ವಾಸವನ್ನು ಒದಗಿಸುವ ಏರ್ಪಾಡನ್ನು ಅವರು ಮಾಡಿದರು. ಮುಂದೆ 'ಬ್ಲೂ ಕ್ರಾಸ್' ಎಂದು ಪ್ರಸಿದ್ಧವಾದ ವಿಮೆಯ ಮೂಲ ಇದು. ಅದರ ಮೊದಲ ಗಿರಾಕಿಗಳು ನಮ್ಮ ವೃತ್ತಿಯವರೇ ಎಂಬುದು ನಮಗೆ ಸ್ವಾರಸ್ಯದ ಸಂಗತಿ. ಇತಿಹಾಸದ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಅಂಶ ಬೇರೆ ಇದೆ. ಈ ವಿಮೆಯು ಆಸ್ಪತ್ರೆಯ ಖರ್ಚಿಗೆ ಮಾತ್ರ ಸಂಬಂಧಿಸಿದ್ದು. ಅಪರೂಪಕ್ಕೆ ಬರುವ, ಬಂದರೆ ಸಂಸಾರವನ್ನೇ ಅಡಿಮೇಲು ಮಾಡುವ ಖರ್ಚನ್ನು ಅನೇಕರು ಹಂಚಿಕೊಳ್ಳಬೇಕೆಂಬುದೇ ಅದರ ಆಶಯವಾಗಿತ್ತು. ವೈದ್ಯರ ಮನೆಬಾಗಿಲಿನ ಚಿಕಿತ್ಸೆಯನ್ನು ಅದು ಮುಟ್ಟಲಿಲ್ಲ.

ವಿಮೆಯು ಅಲ್ಲಿಂದ ಮುಂದೆ ವೈದ್ಯರ ಶುಲ್ಕಕ್ಕೂ ವ್ಯಾಪಿಸಿತು. ೧೯೩೯ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರ ಸಂಘವೇ ಅಂಥ ಒಂದು ಯೋಜನೆಯನ್ನು ಸ್ಥಾಪಿಸಿತು. ಆದರೆ ನಿಜವಾದ ತಿರುವು ಬಂದದ್ದು ಯುದ್ಧಕಾಲದಲ್ಲಿ, ಅದೂ ಆರೋಗ್ಯಕ್ಕೆ ನೇರವಾಗಿ ಸಂಬಂಧಪಡದ ಒಂದು ಶಾಸನದಿಂದ. ಬೆಲೆಯೇರಿಕೆಯನ್ನು ತಡೆಯುವುದಕ್ಕಾಗಿ ೧೯೪೨ರಲ್ಲಿ ಕೂಲಿ ಸಂಬಳಗಳ ಮೇಲೆ ನಿಯಂತ್ರಣವನ್ನು ವಿಧಿಸಿದಾಗ, ವಿಮೆ ಮತ್ತು ನಿವೃತ್ತಿವೇತನಗಳ ಸೌಲಭ್ಯಗಳನ್ನು ಮಿತಿಯೊಳಗಿದ್ದ ಪಕ್ಷದಲ್ಲಿ ಸಂಬಳವೆಂದು ಎಣಿಸಲಿಲ್ಲ. ಕೆಲಸಗಾರರಿಗಾಗಿ ಪೈಪೋಟಿ ನಡೆಸುತ್ತಿದ್ದ ಕಾರ್ಖಾನೆಗಳು ಸಂಬಳವನ್ನು ಹೆಚ್ಚಿಸಲಾರದೆ ವಿಮೆಯನ್ನು ಕೊಡತೊಡಗಿದುವು. ಯಜಮಾನನು ಹೀಗೆ ಕೊಡುವ ವಿಮಾಹಣವು ನೌಕರನ ವರಮಾನವಲ್ಲವೆಂದು ೧೯೫೪ರ ತೆರಿಗೆ ಸಂಹಿತೆಯು ಖಚಿತಪಡಿಸಿತು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕೈಗೆ ಬಂದ ಒಂದು ಡಾಲರಿಗೆ ತೆರಿಗೆಯುಂಟು, ವಿಮೆಯ ರೂಪದಲ್ಲಿ ಬಂದ ಡಾಲರಿಗೆ ಇಲ್ಲ ಎಂದಮೇಲೆ, ಸಣ್ಣ ಖರ್ಚುಗಳನ್ನೂ ವಿಮೆಯ ಮೂಲಕ ನಡೆಸುವುದೇ ಲಾಭಕರವಾಯಿತು. ೧೯೬೫ರಲ್ಲಿ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು ಬಂದುವು. ಮರುವರ್ಷವೇ ಅಮೆರಿಕನ್ ವೈದ್ಯರ ಮಹಾಸಂಘವು ಚಿಕಿತ್ಸಾಕ್ರಿಯೆಗಳ ಸಂಕೇತಾಂಕಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಹಣ ಕೊಡುವವನು ದೂರದಲ್ಲಿದ್ದಾಗ, ನಡೆದುದೇನೆಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕಳುಹಿಸಬೇಕಷ್ಟೆ.

ಆ ಭಾಷೆಯ ವ್ಯಾಕರಣ ಈಗ ಬಹಳ ಬೆಳೆದಿದೆ. ಗಂಟಲುನೋವಿನ ಒಬ್ಬ ರೋಗಿಯನ್ನು ಹತ್ತು ನಿಮಿಷ ನೋಡಿದ ವೈದ್ಯರು ರೋಗಕ್ಕೊಂದು ಸಂಕೇತ, ತಾವು ಮಾಡಿದ ಕೆಲಸಕ್ಕೆ ಐದಂಕಿಯ ಇನ್ನೊಂದು ಸಂಕೇತ, ಹೀಗೆ ನಮೂದಿಸುತ್ತಾರೆ. ಆ ಸಂಕೇತಕ್ಕೆ ಸಮರ್ಥನೆಯಾಗುವಷ್ಟು ವಿವರ ರೋಗಿಯ ದಾಖಲೆಯಲ್ಲಿರಬೇಕು. ಗುಮಾಸ್ತರು ಅದನ್ನು ಪರಿಶೀಲಿಸಿ ಮಧ್ಯವರ್ತಿ ಸಂಸ್ಥೆಯ ಮೂಲಕ ವಿಮಾ ಕಂಪನಿಗೆ ಕಳುಹಿಸುತ್ತಾರೆ. ಕಂಪನಿಯು ಒಪ್ಪಬಹುದು, ಕಡಿತ ಮಾಡಬಹುದು, ನಿರಾಕರಿಸಬಹುದು, ನಿರಾಕರಿಸಿದರೆ ಮೇಲ್ಮನವಿ. ಒಪ್ಪಿದರೂ, ಅದರಲ್ಲಿ ರೋಗಿಯ ಪಾಲೆಷ್ಟು ಎಂಬುದು ಅವನ ವಿಮಾಪತ್ರದ ಕರಾರನ್ನು ಅವಲಂಬಿಸಿರುತ್ತದೆ. ವರ್ಷದ ಮೊದಲ ಇಷ್ಟು ಸಾವಿರ ಡಾಲರುಗಳನ್ನು ರೋಗಿಯೇ ಭರಿಸಬೇಕೆಂಬ ಕರಾರಿದ್ದರೆ, ಇಷ್ಟೆಲ್ಲ ಪತ್ರವ್ಯವಹಾರ ನಡೆದ ಮೇಲೆ ಪೂರ್ತಿ ಹಣಕ್ಕೆ ಬಿಲ್ಲು ರೋಗಿಯ ಮನೆಗೇ ಬರುವುದುಂಟು! ಒಂದು ದೊಡ್ಡ ವಿಶ್ವವಿದ್ಯಾನಿಲಯದ ಚಿಕಿತ್ಸಾವ್ಯವಸ್ಥೆಯನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕುಟುಂಬವೈದ್ಯರ ಒಂದು ಭೇಟಿಯ ಬಿಲ್ಲನ್ನು ವಸೂಲು ಮಾಡುವುದಕ್ಕೆ ೧೩ ನಿಮಿಷಗಳ ಕೆಲಸವೂ ೨೦ ಡಾಲರು ೪೯ ಸೆಂಟುಗಳ ಖರ್ಚೂ ತಗಲುವುದೆಂದೂ, ಅದು ಆ ಭೇಟಿಯ ವರಮಾನದಲ್ಲಿ ಶೇಕಡ ೧೪.೫ರಷ್ಟಾಗುವುದೆಂದೂ ಲೆಕ್ಕ ಹಾಕಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ಇಂಥ ಖರ್ಚು ಹೆಚ್ಚಲ್ಲ. ಗಂಟಲುನೋವಿಗೆ ಅದು ಭಾರವೇ ಸರಿ.

ನೇರ ಚಿಕಿತ್ಸೆಯ ವೈದ್ಯರು ಕತ್ತರಿ ಹಾಕಿದ್ದು ಈ ಖರ್ಚಿಗೆ. ಅವರ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೀಗೆ ವಿವರಿಸಬಹುದು. ತಿಂಗಳಿಗೆ ೭೦ ಡಾಲರು ಕೊಡುವ ೬೦೦ ಮಂದಿ ಸದಸ್ಯರಿದ್ದರೆ ತಿಂಗಳ ವರಮಾನ ೪೨,೦೦೦ ಡಾಲರು, ವರ್ಷಕ್ಕೆ ೫,೦೪,೦೦೦. ಇದರಲ್ಲಿ ಕಟ್ಟಡದ ಬಾಡಿಗೆ, ಒಬ್ಬಿಬ್ಬರು ಸಹಾಯಕರ ಸಂಬಳ, ಸಲಕರಣೆ, ವೈದ್ಯರ ಜೀವನ ಎಲ್ಲವೂ ನಡೆಯಬೇಕು. ಬಿಲ್ಲು ಬರೆಯುವ ಗುಮಾಸ್ತರಿಲ್ಲದಿರುವುದರಿಂದ ನಡೆಯುತ್ತದೆ. ವಿಮೆಯನ್ನು ಅವಲಂಬಿಸಿದ ಕುಟುಂಬವೈದ್ಯರ ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಾವಿರಕ್ಕೂ ಮೇಲ್ಪಟ್ಟು ರೋಗಿಗಳಿರುತ್ತಾರೆ. ಅವರಿಗೆ ಹಣ ಬರುವುದು ಭೇಟಿಗೆ ಇಷ್ಟೆಂದು. ಆದ್ದರಿಂದ ದಿನಕ್ಕೆ ಇಪ್ಪತ್ತು ಮಂದಿಯನ್ನಾದರೂ ನೋಡಿ ಕಳುಹಿಸಬೇಕು. ಇಲ್ಲಿ ಭೇಟಿಯ ಸಂಖ್ಯೆಗೂ ವರಮಾನಕ್ಕೂ ಸಂಬಂಧವಿಲ್ಲ. ರೋಗಿಯನ್ನು ಅರ್ಧ ಗಂಟೆ ಕುಳ್ಳಿರಿಸಿಕೊಂಡು ಮಾತನಾಡಿದರೂ ನಷ್ಟವಿಲ್ಲ. ದೂರವಾಣಿಯಲ್ಲೇ ಮುಗಿಯುವ ಮಾತಿಗಾಗಿ ಅವನನ್ನು ಬರಮಾಡಿಕೊಳ್ಳುವುದರಿಂದ ಲಾಭವೂ ಇಲ್ಲ. ಮೊದಲ ಪದ್ಧತಿಯಲ್ಲಿ ದೂರವಾಣಿಯ ಸಲಹೆಯು ಬಹುಕಾಲ ಲೆಕ್ಕಕ್ಕೆ ಬಾರದ ದುಡಿಮೆಯಾಗಿತ್ತೆಂಬುದನ್ನು ನೆನೆದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ.

ಕ್ಯಾನ್ಸಸ್ ಸಂಸ್ಥಾನದ ವಿಚಿಟ ನಗರದಲ್ಲಿ ೨೦೧೦ರಲ್ಲಿ ಆರಂಭವಾದ 'ಅಟ್ಲಾಸ್ ಎಂ.ಡಿ.' ಎಂಬ ವೈದ್ಯಶಾಲೆಯನ್ನು ಈ ಪದ್ಧತಿಯ ಮಾದರಿಯೆಂದು ಹೇಳುವುದುಂಟು. ಅದರ ಮೊದಲ ವರ್ಷಗಳ ಶುಲ್ಕಪಟ್ಟಿಯಲ್ಲಿ ಮಕ್ಕಳಿಗೆ ತಿಂಗಳಿಗೆ ೧೦ ಡಾಲರು. ದೊಡ್ಡವರಿಗೆ ವಯಸ್ಸಿಗೆ ತಕ್ಕಂತೆ ೫೦, ೭೫, ೧೦೦. ರೋಗಕ್ಕೆ ತಕ್ಕಂತೆ ಶುಲ್ಕವನ್ನು ಏರಿಸದೆ ವಯಸ್ಸನ್ನು ಮಾತ್ರ ನೋಡಿದ್ದು ಗಮನಾರ್ಹ. ಸದಸ್ಯರಿಗೆ ಬೇಕಾದ ಸಾಮಾನ್ಯ ಮಾತ್ರೆಗಳನ್ನು ಇಂಥ ವೈದ್ಯರು ಸಗಟು ಬೆಲೆಗೆ ತರಿಸಿಟ್ಟುಕೊಂಡು, ಅದರ ಮೇಲೆ ಅಲ್ಪ ಮೊತ್ತವನ್ನು ಸೇರಿಸಿ ತಾವೇ ಕೊಡುತ್ತಾರೆ. ಕೆಲವು ಸಂಸ್ಥಾನಗಳ ಕಾನೂನು ಇದಕ್ಕೆ ಮಿತಿ ಹಾಕಿದೆ. ರಕ್ತಪರೀಕ್ಷೆಗಾಗಿ ಪ್ರಯೋಗಶಾಲೆಗಳೊಡನೆ ಮೊದಲೇ ದರವನ್ನು ಗೊತ್ತುಮಾಡಿಕೊಂಡು, ಆ ದರವನ್ನೇ ಸದಸ್ಯರಿಗೆ ಹೇಳುತ್ತಾರೆ. ಚಿಕಿತ್ಸೆಗೆ ಮೊದಲೇ ಬೆಲೆಯನ್ನು ತಿಳಿಯುವುದು ನಮಗೆ ವಿಶೇಷವೆಂದು ತೋರದಿರಬಹುದು. ಒಂದೇ ಪರೀಕ್ಷೆಗೆ ವಿಮಾ ಕಂಪನಿಗೊಂದು ಬೆಲೆಯಿರುವ ದೇಶದಲ್ಲಿ ಅದು ದೊಡ್ಡ ವಿಷಯವೇ.

ಇಷ್ಟಾದರೂ ವಿಮೆಯ ಅಗತ್ಯ ತಪ್ಪಿತೆಂದು ತಿಳಿಯಬಾರದು. ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಬೇಕಾದರೆ, ಅರ್ಬುದರೋಗಕ್ಕೆ ಔಷಧಿ ಬೇಕಾದರೆ, ಹೆರಿಗೆಗಾಗಿ ಆಸ್ಪತ್ರೆಗೆ ಹೋಗಬೇಕಾದರೆ ಸದಸ್ಯಶುಲ್ಕವು ಯಾವ ನೆರವಿಗೂ ಬಾರದು. ಆದ್ದರಿಂದ ಭಾರಿ ಖರ್ಚನ್ನು ಮಾತ್ರ ವಹಿಸುವ, ಕಂತು ಕಡಮೆಯಿರುವ ಒಂದು ವಿಮೆಯನ್ನು ಇಟ್ಟುಕೊಂಡಿರಿ ಎಂದು ಈ ವೈದ್ಯರೇ ಸದಸ್ಯರಿಗೆ ಹೇಳುತ್ತಾರೆ. ಎಂದರೆ ಇವರ ಕಲ್ಪನೆಯ ವಿಮೆ ೧೯೨೯ರ ಡಲ್ಲಾಸಿನ ವಿಮೆಗೆ ಹತ್ತಿರವಾದುದು. ೨೦೧೦ರ ಆರೋಗ್ಯ ಸುಧಾರಣಾ ಶಾಸನವು ಇಂಥ ಜೋಡಿ ಏರ್ಪಾಡಿಗೆ ಅವಕಾಶವಿತ್ತಿತು. ತೆರಿಗೆಯ ಇಲಾಖೆ ಮಾತ್ರ ಬಹುಕಾಲ ಅಡ್ಡಿಯಾಗಿತ್ತು. ಭಾರಿ ಖರ್ಚಿನ ವಿಮೆಯುಳ್ಳವರು ತೆರಿಗೆಯಿಲ್ಲದೆ ಆರೋಗ್ಯಕ್ಕಾಗಿ ಹಣ ಕೂಡಿಡುವ ಖಾತೆಯೊಂದು ಅಲ್ಲಿ ಉಂಟು. ನೇರ ಚಿಕಿತ್ಸೆಯ ಸದಸ್ಯತ್ವವೂ ಒಂದು ಬಗೆಯ ವಿಮೆಯೇ ಆದುದರಿಂದ ಸದಸ್ಯರಾದವರು ಆ ಖಾತೆಗೆ ಅರ್ಹರಲ್ಲವೆಂಬ ವಾದವಿತ್ತು. ೨೦೨೫ರ ಜುಲೈ ತಿಂಗಳ ಶಾಸನವು ಇದನ್ನು ಬಗೆಹರಿಸಿ, ತಿಂಗಳ ಶುಲ್ಕ ಒಬ್ಬರಿಗೆ ೧೫೦ ಡಾಲರು, ಒಬ್ಬರಿಗಿಂತ ಹೆಚ್ಚು ಮಂದಿಯಿದ್ದರೆ ೩೦೦ ಡಾಲರು ಮೀರದಿದ್ದಲ್ಲಿ, ೨೦೨೬ರ ಜನವರಿ ೧ರಿಂದ ಖಾತೆಗೆ ಬಾಧಕವಿಲ್ಲವೆಂದೂ ಆ ಶುಲ್ಕವನ್ನು ಖಾತೆಯ ಹಣದಿಂದಲೇ ಕೊಡಬಹುದೆಂದೂ ವಿಧಿಸಿತು.

ಅರುವತ್ತೈದು ದಾಟಿದವರ ವಿಷಯದಲ್ಲಿ ಇನ್ನೊಂದು ತೊಡಕುಂಟು. ಮೆಡಿಕೇರಿಗೆ ಸೇರಿದ ವೈದ್ಯರು ಅದು ಹಣ ಕೊಡುವ ಸೇವೆಗಾಗಿ ರೋಗಿಯಿಂದ ಬೇರೆಯಾಗಿ ಹಣ ಪಡೆಯುವಂತಿಲ್ಲ. ೧೯೯೭ರ ಶಾಸನದ ಪ್ರಕಾರ, ವೈದ್ಯರು ಪ್ರಮಾಣಪತ್ರವನ್ನು ಸಲ್ಲಿಸಿ ಎರಡು ವರ್ಷಗಳ ಅವಧಿಗೆ ಮೆಡಿಕೇರಿನಿಂದ ಹೊರಗೆ ಬರಬಹುದು. ಅಂಥ ಪ್ರತಿಯೊಬ್ಬ ರೋಗಿಯೊಡನೆಯೂ ಲಿಖಿತ ಕರಾರು ಮಾಡಿಕೊಳ್ಳಬೇಕು. ಒಬ್ಬ ರೋಗಿಗೆ ಹೊರಗೆ, ಇನ್ನೊಬ್ಬನಿಗೆ ಒಳಗೆ ಎಂಬುದು ಸಾಧ್ಯವಿಲ್ಲ. ಆ ವೈದ್ಯರು ಬರೆದುಕೊಟ್ಟ ಪರೀಕ್ಷೆಗಳಿಗೂ ಆಸ್ಪತ್ರೆಯ ಖರ್ಚಿಗೂ ಮೆಡಿಕೇರ್ ಹಿಂದಿನಂತೆಯೇ ಹಣ ಕೊಡುತ್ತದೆ.

ಈಗ ಕಾನೂನಿನ ಮುಖ್ಯ ಪ್ರಶ್ನೆಗೆ ಬರೋಣ. ಕಾಯಿಲೆ ಬಂದರೂ ಬಾರದಿದ್ದರೂ ತಿಂಗಳಿಗೆ ಇಷ್ಟು ಹಣ ಕೊಟ್ಟು, ಬಂದಾಗ ಬೇಕಾದಷ್ಟು ಚಿಕಿತ್ಸೆ ಪಡೆಯುವುದು ವಿಮೆಯಲ್ಲದೆ ಮತ್ತೇನು? ಪಶ್ಚಿಮ ವರ್ಜೀನಿಯದ ವೀಲಿಂಗ್ ಪಟ್ಟಣದ ವೈದ್ಯ ವಿಕ್ ವುಡ್ ಅವರಿಗೆ ಅಲ್ಲಿನ ವಿಮಾ ಆಯುಕ್ತರು ಈ ಆಕ್ಷೇಪಣೆಯನ್ನೇ ಎತ್ತಿದರು. ನ್ಯೂಯಾರ್ಕ್ ನಗರದಲ್ಲಿ ತಿಂಗಳಿಗೆ ೭೯ ಡಾಲರಿಗೆ ಚಿಕಿತ್ಸೆ ನೀಡುತ್ತಿದ್ದ ಜಾನ್ ಮ್ಯೂನಿ ಎಂಬ ವೈದ್ಯರಿಗೂ ೨೦೦೯ರಲ್ಲಿ ಅದೇ ಉತ್ತರ ಬಂದಿತು. ತಾರ್ಕಿಕವಾಗಿ ಆಯುಕ್ತರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ವಿಮಾ ಕಂಪನಿಯಾಗಬೇಕಾದರೆ ದೊಡ್ಡ ಮೊತ್ತದ ನಿಧಿಯನ್ನು ಕಾದಿರಿಸಬೇಕು. ಒಬ್ಬ ವೈದ್ಯನಿಗೆ ಅದು ಸಾಧ್ಯವೇ? ಪಶ್ಚಿಮ ವರ್ಜೀನಿಯವು ೨೦೦೬ರಲ್ಲಿ ಪ್ರಾಯೋಗಿಕ ಶಾಸನವೊಂದನ್ನು ಮಾಡಿತು. ವಾಷಿಂಗ್ಟನ್ ಸಂಸ್ಥಾನವು ೨೦೦೭ರಲ್ಲಿ ಇಂಥ ವೈದ್ಯರು ವಿಮೆಗಾರರಲ್ಲವೆಂದು ಸ್ಪಷ್ಟವಾಗಿ ಸಾರಿ, ಇದು ವಿಮೆಯಲ್ಲವೆಂಬ ಸೂಚನೆ ಕರಾರಿನಲ್ಲೇ ಇರಬೇಕೆಂದು ವಿಧಿಸಿತು. ಈಗ ಮೂವತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಇದೇ ಬಗೆಯ ಶಾಸನಗಳಿವೆ.

ಇತಿಹಾಸವನ್ನು ಓದುವವರಿಗೆ ಈ ವಿವಾದ ಅಪರಿಚಿತವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೂಲಿಕಾರರೂ ವಲಸೆಗಾರರೂ ಪರಸ್ಪರ ಸಹಾಯದ ಸಂಘಗಳಲ್ಲಿ ಸೇರಿದ್ದರು. ಅವುಗಳ ಶಾಖೆಗೆ 'ಲಾಡ್ಜ್' ಎಂದು ಹೆಸರು. ಲಾಡ್ಜು ಒಬ್ಬ ವೈದ್ಯರನ್ನು ಗೊತ್ತುಮಾಡಿ, ಸದಸ್ಯನೊಬ್ಬನಿಗೆ ವರ್ಷಕ್ಕೆ ಒಂದೆರಡು ಡಾಲರಿನಂತೆ ಕೊಡುತ್ತಿತ್ತು. ಎರಡು ಡಾಲರೆಂದರೆ ಆ ಕಾಲದ ಕೂಲಿಕಾರನ ಸುಮಾರು ಒಂದು ದಿನದ ಸಂಪಾದನೆ. ಫ್ಲಾರಿಡದ ಟ್ಯಾಂಪದಲ್ಲಿ ಚುಟ್ಟ ಸುತ್ತುವ ಸ್ಪ್ಯಾನಿಷ್ ಮತ್ತು ಕ್ಯೂಬನ್ ಕೆಲಸಗಾರರಿದ್ದರು. ಅಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಸೆಂತ್ರೊ ಎಸ್ಪಾನ್ಯೋಲ್, ೧೯೦೨ರ ಸೆಂತ್ರೊ ಆಸ್ತುರಿಯಾನೊ ಎಂಬ ಸಂಘಗಳು ಇದೇ ತತ್ತ್ವದ ಮೇಲೆ ತಮ್ಮವೇ ಆಸ್ಪತ್ರೆಗಳನ್ನು ಕಟ್ಟಿಸಿದುವು. ವೈದ್ಯರ ಸಂಘಗಳು ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದುವು. ಲಾಡ್ಜ್ ವೈದ್ಯರನ್ನು ತಮ್ಮ ಬಳಗದಿಂದ ಹೊರಗಿಟ್ಟುವು. ಲಾಸ್ ಏಂಜಲೀಸಿನ ನೀರು ಮತ್ತು ವಿದ್ಯುತ್ ಇಲಾಖೆಯ ನೌಕರರಿಗಾಗಿ ೧೯೨೯ರಲ್ಲಿ ಮಾಸಿಕ ಹಣದ ಚಿಕಿತ್ಸೆಯನ್ನು ಆರಂಭಿಸಿದ ರಾಸ್ ಮತ್ತು ಲೂಸ್ ಎಂಬ ವೈದ್ಯರಿಬ್ಬರನ್ನು ೧೯೩೪ರಲ್ಲಿ ಸ್ಥಳೀಯ ಸಂಘವು ಹೊರಹಾಕಿತು. ರಾಜಧಾನಿಯಲ್ಲಿ ಸರ್ಕಾರಿ ನೌಕರರು ೧೯೩೭ರಲ್ಲಿ ಕಟ್ಟಿಕೊಂಡ ಇಂಥದೇ ಸಂಘವನ್ನು ತಡೆಯಲು ಹೋದ ವೈದ್ಯರ ಮಹಾಸಂಘದ ಮೇಲೆ ಸರ್ಕಾರವೇ ಮೊಕದ್ದಮೆ ಹೂಡಿತು. ಮಹಾಸಂಘದ ಅಪರಾಧವನ್ನು ಸರ್ವೋಚ್ಚ ನ್ಯಾಯಾಲಯವು ೧೯೪೩ರಲ್ಲಿ ಎತ್ತಿಹಿಡಿಯಿತು. ಅಂದು ವೈದ್ಯವೃತ್ತಿಯ ಘನತೆಗೆ ಕುಂದೆಂದು ವೈದ್ಯರೇ ದೂಷಿಸಿದ ಮಾಸಿಕ ಕರಾರನ್ನು ಇಂದು ವೃತ್ತಿಯ ಸ್ವಾತಂತ್ರ್ಯವೆಂದು ವೈದ್ಯರೇ ಹೊಗಳುತ್ತಿದ್ದಾರೆ.

ಈ ವೈಪರೀತ್ಯಕ್ಕೆ ಕಾರಣವನ್ನು ಕರಾರಿನ ಇನ್ನೊಂದು ಪಕ್ಷದಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ. ಲಾಡ್ಜಿನ ಕಾಲದಲ್ಲಿ ದರವನ್ನು ಗೊತ್ತುಮಾಡುತ್ತಿದ್ದವರು ಒಟ್ಟುಗೂಡಿದ ರೋಗಿಗಳು. ವೈದ್ಯರು ಅವರ ಚುನಾವಣೆಗೆ ನಿಲ್ಲಬೇಕಾಗಿತ್ತು. ಅಗ್ಗದ ದರದಲ್ಲಿ ಅತಿಯಾದ ಸದಸ್ಯರನ್ನು ಒಪ್ಪಿಕೊಂಡು ಅವಸರದ ಚಿಕಿತ್ಸೆ ಮಾಡುತ್ತಾರೆಂಬ ಆಪಾದನೆ ಅವರ ಮೇಲಿತ್ತು. ಈಗಿನ ಪದ್ಧತಿಯಲ್ಲಿ ದರವನ್ನೂ ಸದಸ್ಯರ ಸಂಖ್ಯೆಯನ್ನೂ ಗೊತ್ತುಮಾಡುವವರು ವೈದ್ಯರು. ರೋಗಿ ಒಂಟಿಯಾಗಿ ಬಂದು ಸೇರುತ್ತಾನೆ, ಇಷ್ಟವಿಲ್ಲದಿದ್ದರೆ ಬಿಡುತ್ತಾನೆ. ಹಣ ಕೊಡುವ ಕ್ರಮ ಒಂದೇ ಆಗಿದ್ದರೂ ಅಧಿಕಾರವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬಂದಿದೆ. ಚಿಕಿತ್ಸೆಯ ಗುಣ ಇದರಿಂದ ಹೆಚ್ಚಿರಬಹುದು. ಲಾಡ್ಜಿನ ಚುಟ್ಟ ಸುತ್ತುವವನಿಗೆ ಇದ್ದ ಮತ ಈಗಿನ ಸದಸ್ಯನಿಗೆ ಇಲ್ಲ.

ಬಡವರ ವಿಷಯವೇನೆಂಬುದು ಮುಂದಿನ ಪ್ರಶ್ನೆ. ಸಿಯಾಟಲಿನಲ್ಲಿ ೨೦೦೭ರಲ್ಲಿ ಆರಂಭವಾದ 'ಕ್ಲಿಯನ್ಸ್' ಎಂಬ ಸಂಸ್ಥೆ ಇದಕ್ಕೆ ಉತ್ತರ ಹುಡುಕಲು ಯತ್ನಿಸಿತು. ದೊಡ್ಡ ಬಂಡವಾಳಗಾರರ ಬೆಂಬಲ ಅದಕ್ಕಿತ್ತು. ಯಜಮಾನರೊಡನೆ ಕರಾರು ಮಾಡಿಕೊಂಡು ನೌಕರರನ್ನು, ೨೦೧೪ರಿಂದ ಒಂದು ವಿಮಾಸಂಸ್ಥೆಯ ಮೂಲಕ ಮೆಡಿಕೇಡಿನ ಬಡ ರೋಗಿಗಳನ್ನೂ ಅದು ಸೇರಿಸಿಕೊಂಡಿತು. ೨೦೧೭ರಲ್ಲಿ ಅದು ಮುಚ್ಚಿಹೋಯಿತು. ಇದರಿಂದ ಪದ್ಧತಿಯೇ ವಿಫಲವೆಂದು ನಿರ್ಣಯಿಸಲಾಗದು, ಒಬ್ಬಿಬ್ಬರು ವೈದ್ಯರ ಸಣ್ಣ ಶಾಲೆಗಳು ಆ ಬಳಿಕವೂ ಹೆಚ್ಚುತ್ತಲೇ ಬಂದಿವೆ. ಅಂಥವು ಬಹುಮಟ್ಟಿಗೆ ತಿಂಗಳ ಶುಲ್ಕವನ್ನು ತಾವೇ ಕೊಡಬಲ್ಲವರನ್ನು ನೆಚ್ಚಿ ನಿಂತಿವೆ.

ವಿಮಾಗಣಿತಜ್ಞರ ಸಂಘಕ್ಕಾಗಿ ನಡೆದು ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಎರಡು ಪಕ್ಷದವರೂ ಉದಾಹರಿಸುತ್ತಾರೆ. ಒಬ್ಬ ಯಜಮಾನನ ನೌಕರರಲ್ಲಿ ನೇರ ಚಿಕಿತ್ಸೆಯನ್ನು ಆರಿಸಿಕೊಂಡವರನ್ನೂ ಆರಿಸಿಕೊಳ್ಳದವರನ್ನೂ ಅದು ಹೋಲಿಸಿತು. ಆರಿಸಿಕೊಂಡವರು ಮೊದಲಿನಿಂದಲೂ ಹೆಚ್ಚು ಆರೋಗ್ಯವಂತರು; ಆ ವ್ಯತ್ಯಾಸವನ್ನು ಕಳೆದ ಮೇಲೂ ಅವರು ತುರ್ತು ಚಿಕಿತ್ಸಾಗೃಹಗಳಿಗೆ ಹೋದದ್ದು ಶೇಕಡ ೪೦ರಷ್ಟು ಕಡಮೆ, ಒಟ್ಟು ಚಿಕಿತ್ಸೆಯ ಬೇಡಿಕೆ ಶೇಕಡ ೧೨ಕ್ಕಿಂತ ಹೆಚ್ಚಾಗಿ ಕಡಮೆ. ಆದರೆ ಸದಸ್ಯಶುಲ್ಕವನ್ನು ಸೇರಿಸಿ ನೋಡಿದಾಗ ಯಜಮಾನನಿಗೆ ಉಳಿತಾಯವಾಗಲಿಲ್ಲ. ಖರ್ಚು ಶೇಕಡ ೧.೩ರಷ್ಟು ಏರಿದಂತೆ ಕಂಡಿತು, ಸಂಖ್ಯಾಶಾಸ್ತ್ರದ ಪ್ರಕಾರ ಅದು ಗಣನೆಗೆ ಬರುವಷ್ಟಲ್ಲ. ಈ ಫಲಿತಾಂಶವನ್ನು ನಾನು ಪದ್ಧತಿಗೆ ಅನುಕೂಲವೆಂದೇ ಓದುತ್ತೇನೆ: ಅಷ್ಟೇ ಹಣದಲ್ಲಿ ರೋಗಿಗೆ ವೈದ್ಯರ ಸಮಯ ಹೆಚ್ಚು ಸಿಕ್ಕಿದೆ.

ಆ ಸಮಯ ಎಲ್ಲಿಂದ ಬಂದಿತೆಂಬುದನ್ನೂ ಲೆಕ್ಕಕ್ಕೆ ತರಬೇಕು. ಎರಡು ಸಾವಿರ ಮಂದಿಯ ಪಟ್ಟಿಯನ್ನಿಟ್ಟಿದ್ದ ವೈದ್ಯರು ಆರುನೂರಕ್ಕೆ ಇಳಿದರೆ ಸಾವಿರದ ನಾಲ್ಕುನೂರು ಮಂದಿ ಬೇರೆ ವೈದ್ಯರನ್ನು ಹುಡುಕಬೇಕು, ಮತ್ತು ಕುಟುಂಬವೈದ್ಯರ ಕೊರತೆ ಆ ದೇಶದಲ್ಲಿ ಹಳೆಯದು. ಹಾಗೆ ಇಳಿಯದಿದ್ದರೆ ಬಿಲ್ಲಿನ ಕೆಲಸದಿಂದ ಬೇಸತ್ತು ವೃತ್ತಿಯನ್ನೇ ಬಿಡುತ್ತಿದ್ದೆವು, ಆಗ ಎರಡು ಸಾವಿರ ಮಂದಿಯೂ ಹುಡುಕಬೇಕಾಗುತ್ತಿತ್ತು ಎಂದು ಈ ವೈದ್ಯರು ಸಮಾಧಾನ ಹೇಳುತ್ತಾರೆ. ೨೦೦೭ರ ವಾಷಿಂಗ್ಟನ್ ಶಾಸನವು ಈ ಬಿಕ್ಕಟ್ಟನ್ನು ಅರಿತೇ ಬರೆದಂತಿದೆ. ರೋಗಿಯ ದೇಹಸ್ಥಿತಿ ಕೆಟ್ಟಿದೆಯೆಂಬ ಒಂದೇ ಕಾರಣಕ್ಕಾಗಿ ಅವನನ್ನು ಸೇರಿಸಿಕೊಳ್ಳದಿರುವುದನ್ನು ಅದು ನಿಷೇಧಿಸಿದೆ. ಪಟ್ಟಿ ತುಂಬಿದೆಯೆಂಬ ಕಾರಣಕ್ಕಾಗಿ ಸೇರಿಸಿಕೊಳ್ಳದಿರಲು ಅವಕಾಶ ಕೊಟ್ಟಿದೆ. ಪಟ್ಟಿ ಎಷ್ಟಕ್ಕೆ ತುಂಬುವುದೆಂಬುದನ್ನು ವೈದ್ಯರಿಗೇ ಬಿಟ್ಟಿದೆ.